ಎಪ್ಪತ್ತಮೂರು ವರ್ಷದ ಹೊಸ ಕಲಾವಿದ

ಕಲಾವಿದರನ್ನು ಗೌರವಿಸುವುದೆಂದರೆ ನಮ್ಮ ಕಣ್ಣ ಮುಂದೆ ಬರುವುದು ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ಇದನ್ನು ನಾನು ಹೀಗಳೆಯಲಾರೆ. ನಿವೃತ್ತಿಯ ದಿನ ವಿದ್ಯಾರ್ಥಿಗಳು ನನಗೆ ಹೊದಿಸಿದ ಶಾಲು ಇಂದಿಗೂ ಕಪಾಟಿನಲ್ಲಿ ಜೋಪಾನವಾಗಿದೆ. ಆದರೆ ಕಲಾವಿದನಿಗೆ ಸಲ್ಲಬೇಕಾದ ನಿಜವಾದ ಗೌರವ ಯಾವುದು ಎಂಬ ಪ್ರಶ್ನೆ ಎದುರಾದಾಗಲೆಲ್ಲ ನನಗೆ ನೆನಪಾಗುವವರು ದೂರದ ಕ್ಯೂಬಾ ದೇಶದ ಗಾಯಕ ಇಬ್ರಾಹಿಂ ಫೆರೆರ್.

2000ದ ಸೆಪ್ಟೆಂಬರಿನಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಮೊತ್ತಮೊದಲ ಲ್ಯಾಟಿನ್ ಗ್ರ್ಯಾಮಿ ಸಮಾರಂಭ ನಡೆಯಿತು. ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಭಾಷೆಗಳ ಸಂಗೀತಕ್ಕಾಗಿ ಏರ್ಪಟ್ಟ ಪ್ರಶಸ್ತಿಗಳು ಅವು. ಅಂದು ‘ಅತ್ಯುತ್ತಮ ಹೊಸ ಕಲಾವಿದ’ ಎಂಬ ಮನ್ನಣೆ ಸಂದದ್ದು ಫೆರೆರ್ ಅವರಿಗೆ. 1927ರಲ್ಲಿ ಹುಟ್ಟಿದ ಅವರಿಗೆ ಆಗ 73 ವರ್ಷ! ಇದನ್ನು ಕೇಳಿ ನಗಬೇಕೋ ಅಳಬೇಕೋ ತಿಳಿಯದು.

ಅವರು ಹೊಸಬರೇನೂ ಆಗಿರಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡು, ಬೀದಿಯಲ್ಲಿ ಹಾಡಿ ಹೊಟ್ಟೆ ಹೊರೆದವರು. ಮುಂದೆ ಪಾಚೋ ಅಲೊನ್ಸೋ ಎಂಬ ನಾಯಕನ ವಾದ್ಯವೃಂದದಲ್ಲಿ ಅನೇಕ ವರ್ಷ ಹಾಡಿದರು. ‘ಬೊಲೆರೊ’ ಎಂಬ ವಿಳಂಬಗತಿಯ ಪ್ರೇಮಗೀತೆಗಳೆಂದರೆ ಅವರಿಗೆ ಪ್ರಾಣ. ಆದರೆ ಅವರ ಪಾಲಿಗೆ ಬರುತ್ತಿದ್ದವು ಹೆಚ್ಚಾಗಿ ಕುಣಿತಕ್ಕೊಪ್ಪುವ ದ್ರುತಗತಿಯ ಹಾಡುಗಳೇ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ, ಅದರ ನೆರವನ್ನೇ ನಂಬಿದ್ದ ಕ್ಯೂಬಾ ಕಡುಕಷ್ಟಕ್ಕೆ ಸಿಲುಕಿತು. ಹಾಡಿನಿಂದ ನಿವೃತ್ತರಾಗಿದ್ದ ಫೆರೆರ್, ಹವಾನಾ ನಗರದಲ್ಲಿ ಬೂಟು ಪಾಲಿಶ್ ಮಾಡಿ ನಾಲ್ಕು ಕಾಸು ಸಂಪಾದಿಸುತ್ತಿದ್ದರು.

1996ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಹವಾನಾಕ್ಕೆ ಬಂದರು. ಲಂಡನ್ನಿನ ಧ್ವನಿಮುದ್ರಣ ಸಂಸ್ಥೆಯ ನಿಕ್ ಗೋಲ್ಡ್ ಅವರನ್ನು ಕರೆಸಿದ್ದರು. ಆಫ್ರಿಕದ ಮಾಲಿ ದೇಶದ ಕಲಾವಿದರನ್ನೂ ಕ್ಯೂಬಾದವರನ್ನೂ ಒಟ್ಟಿಗೆ ನುಡಿಸುವುದು ಮೂಲ ಯೋಜನೆ. ಪ್ರಯಾಣಪತ್ರಗಳ ತೊಡಕಿನಿಂದ ಮಾಲಿಯವರು ಬರಲಾಗಲಿಲ್ಲ. ಆಗ ಕ್ಯೂಬಾದವರೇ ಆದ ಸಂಗೀತಗಾರ ಹುವಾನ್ ದೆ ಮಾರ್ಕೋಸ್ ಗೊನ್ಸಾಲೆಸ್, ಹಳೆಯ ತಲೆಮಾರಿನ ಕಲಾವಿದರನ್ನು ಹುಡುಕಿ ಕರೆತಂದರು. ಒಂದು ಬೊಲೆರೊ ಹಾಡಲು ತಕ್ಕ ಕಂಠ ಬೇಕೆಂದಾಗ ಅವರು ಹೋದದ್ದು ಫೆರೆರ್ ಬಳಿಗೆ. ಹಾಡುವುದನ್ನೇ ಬಿಟ್ಟಿದ್ದ ಹಿರಿಯರು ಮೊದಲು ಒಪ್ಪಲಿಲ್ಲವಂತೆ. ಕೊನೆಗೆ ಬಂದರು, ಹಾಡಿದರು. ಬದುಕಿಡೀ ಬಯಸಿದ ಹಾಡು ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಅವರ ಕೊರಳಿಗೆ ಒದಗಿ ಬಂತು.

ಅಲ್ಲಿ ಸೇರಿದ್ದ ಉಳಿದವರ ಕಥೆಯೂ ಇಂಥದೇ. ಪಿಯಾನೋ ವಾದಕ ರುಬೆನ್ ಗೊನ್ಸಾಲೆಸ್ ಅವರಿಗೆ 76 ವರ್ಷ, ಬೆರಳುಗಳಿಗೆ ಸಂಧಿವಾತ. ಮನೆಯಲ್ಲಿದ್ದ ಪಿಯಾನೋ ಹುಳು ಹಿಡಿದು ಹಾಳಾಗಿತ್ತು. ಪ್ರತಿದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಸ್ಟುಡಿಯೋದ ಬಾಗಿಲು ತೆರೆಯುವುದನ್ನೇ ಕಾಯುತ್ತಿದ್ದು, ತೆರೆದೊಡನೆ ಪಿಯಾನೋದತ್ತ ಧಾವಿಸುತ್ತಿದ್ದರಂತೆ. ಶಾಲೆಯ ಆಟದ ಕೋಣೆಯ ಬೀಗ ತೆಗೆಯುವ ಮುನ್ನ ಬಾಗಿಲಲ್ಲಿ ನಿಲ್ಲುತ್ತಿದ್ದ ನಿಮ್ಮೆಲ್ಲರ ಮುಖ ನನಗೆ ನೆನಪಾಗುತ್ತದೆ. ಹಿಂದೊಮ್ಮೆ ಸಿಗಾರ್ ಕಾರ್ಖಾನೆಯಲ್ಲಿ ದುಡಿದಿದ್ದ ಕಂಪಾಯ್ ಸೆಗುಂದೋ ಅವರಿಗೆ ಆಗ 88 ವರ್ಷ.

ಹವಾನಾದ ಕರಿಯ ಜನರು 1940ರ ದಶಕದಲ್ಲಿ ಹಾಡಿ ಕುಣಿಯುತ್ತಿದ್ದ ಒಂದು ಸಂಘದ ನೆನಪಿಗೆ ಆ ಧ್ವನಿಮುದ್ರಿಕೆಗೆ ‘ಬ್ವೇನಾ ವಿಸ್ತಾ ಸೋಷಿಯಲ್ ಕ್ಲಬ್’ ಎಂದು ಹೆಸರಿಟ್ಟರು. 1997ರಲ್ಲಿ ಅದು ಹೊರಬಂತು. ಮರುವರ್ಷ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. 1998ರ ಜುಲೈ 1ರಂದು ಈ ಹಿರಿಯರೆಲ್ಲ ನ್ಯೂಯಾರ್ಕಿನ ಕಾರ್ನೆಗಿ ಸಭಾಂಗಣದಲ್ಲಿ ಹಾಡಿ ನುಡಿಸಿದರು. ಜರ್ಮನಿಯ ವಿಮ್ ವೆಂಡರ್ಸ್ 1999ರಲ್ಲಿ ಇದನ್ನೆಲ್ಲ ಚಲನಚಿತ್ರದಲ್ಲಿ ದಾಖಲಿಸಿದರು. ಅದರಲ್ಲಿ ಫೆರೆರ್ ತಮ್ಮ ಪುಟ್ಟ ಮನೆಯಲ್ಲಿ ಸಂತ ಲಾಜರಸನ ವಿಗ್ರಹವನ್ನು ತೋರಿಸುವ ದೃಶ್ಯವಿದೆ. ದೇವರ ಕೋಣೆಯ ಮುಂದೆ ನಿಂತ ನಮ್ಮ ಯಾವುದೇ ಅಜ್ಜನನ್ನು ಅಲ್ಲಿ ಕಾಣಬಹುದು.

ಇದೇ ರೈ ಕೂಡರ್ ಅದಕ್ಕೂ ಮೊದಲೇ ನಮ್ಮ ವಿಶ್ವಮೋಹನ ಭಟ್ಟರ ಮೋಹನವೀಣೆಯೊಡನೆ ನುಡಿಸಿ, 1994ರಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನು ಹಂಚಿಕೊಂಡವರು. ಅವರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೂ ಈ ಕಥೆಯನ್ನು ಹೇಳುವವರು ಬಹುಮಟ್ಟಿಗೆ ಅವರನ್ನೇ ಹೊಗಳಿ, ಹುವಾನ್ ದೆ ಮಾರ್ಕೋಸರನ್ನು ಮರೆಯುವುದು ನ್ಯಾಯವಲ್ಲ. ಯಾವ ಬೀದಿಯ ಯಾವ ಮನೆಯಲ್ಲಿ ಯಾವ ಕಂಠ ಮೌನವಾಗಿ ಕುಳಿತಿದೆ ಎಂಬುದು ಅವರಿಗೆ ಗೊತ್ತಿತ್ತು. ಹೊರಗಿನವರು ಬಂದು ‘ಕಂಡುಹಿಡಿದರು’ ಎನ್ನುವುದಕ್ಕಿಂತ, ಊರಿನವನೊಬ್ಬ ಮರೆಯದೆ ಇದ್ದ ಎನ್ನುವುದೇ ಹೆಚ್ಚು ಸರಿ.

ಪ್ರಶಸ್ತಿಗಳ ಸ್ವಭಾವವಾದರೂ ಎಂಥದು ನೋಡಿ. 2004ರಲ್ಲಿ ಫೆರೆರ್ ಅವರ ಮತ್ತೊಂದು ಧ್ವನಿಮುದ್ರಿಕೆಗೆ ಗ್ರ್ಯಾಮಿ ಬಂತು. ಆದರೆ ಸಮಾರಂಭಕ್ಕೆ ಹೋಗಲು ಅಮೆರಿಕ ಸರ್ಕಾರ ವೀಸಾ ನೀಡಲಿಲ್ಲ. ಎಪ್ಪತ್ತಾರರ ಆ ಮುದುಕ ತನ್ನ ಹಾಡಿನಿಂದ ಆ ಮಹಾರಾಷ್ಟ್ರಕ್ಕೆ ಯಾವ ಕೇಡು ತರಬಲ್ಲವನಾಗಿದ್ದ? 2003ರಲ್ಲಿ ಕಂಪಾಯ್ ಮತ್ತು ರುಬೆನ್, 2005ರ ಆಗಸ್ಟಿನಲ್ಲಿ ಫೆರೆರ್ ತೀರಿಕೊಂಡರು. ಗೌರವಗಳು ಮಾತ್ರ ಇನ್ನೂ ಬರುತ್ತಲೇ ಇವೆ. 2022ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಆ ಧ್ವನಿಮುದ್ರಿಕೆಯನ್ನು ಸಂರಕ್ಷಿಸಬೇಕಾದ ರಾಷ್ಟ್ರೀಯ ದಾಖಲೆಗಳ ಸಾಲಿಗೆ ಸೇರಿಸಿತು. ಅವರ ಬದುಕನ್ನಾಧರಿಸಿದ ಸಂಗೀತ ನಾಟಕವೊಂದು 2025ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಗೂ ಬಂತು.

ಇವೆಲ್ಲ ಒಳ್ಳೆಯದೇ. ಆದರೆ ಫೆರೆರ್ ಅವರಿಗೆ ಸಂದ ಅತಿ ದೊಡ್ಡ ಸನ್ಮಾನ ಯಾವುದೆಂದು ನನ್ನನ್ನು ಕೇಳಿದರೆ, ಯಾರೋ ಒಬ್ಬರು ಬಂದು “ನೀವು ಹಾಡಬೇಕು” ಎಂದ ಆ ದಿನವೇ ಎನ್ನುತ್ತೇನೆ. ಶಾಲು ಹೊದಿಸುವಾಗ ಕಲಾವಿದನ ಕಾಲ ಮುಗಿಯಿತೆಂಬ ಸೂಚನೆಯೂ ಅದರ ಮಡಿಕೆಯಲ್ಲಿ ಇರುತ್ತದೆ. ರುಬೆನ್ ಅವರ ಮುಂದೆ ಪಿಯಾನೋ ಇಟ್ಟಾಗ ಮಾತ್ರ ಕಾಲ ಮತ್ತೆ ಮೊದಲಾಗುತ್ತದೆ.

ನನ್ನ ಪ್ರೀತಿಯ ವಿದ್ಯಾರ್ಥಿಗಳೇ, ನಿಮ್ಮ ಬೀದಿಯಲ್ಲೂ ಹಿಂದೆ ಹಾಡುತ್ತಿದ್ದವರು, ಮದ್ದಳೆ ನುಡಿಸುತ್ತಿದ್ದವರು, ಸೋಬಾನೆ ಹೇಳುತ್ತಿದ್ದ ಅಜ್ಜಿಯರು ಇದ್ದಾರು. ಮುಂದಿನ ರಜೆಗೆ ಊರಿಗೆ ಬಂದಾಗ ಅವರ ಮನೆಗೆ ಹೋಗಿ. ಶಾಲು ಕೊಂಡೊಯ್ಯದಿದ್ದರೂ ಚಿಂತೆಯಿಲ್ಲ; ಒಂದು ಹಾಡು ಹೇಳಿರೆಂದು ಕೇಳಿ, ಮುಗಿಯುವವರೆಗೂ ಕುಳಿತಿರಿ.