ನಳಿಗೆಯಲ್ಲೇ ಉಳಿದ ಬಾಂಬ್

ರಾಜಸ್ಥಾನದ ಮಹಾಜನ್ ಫೈರಿಂಗ್ ರೇಂಜ್‌ನಲ್ಲಿ ನಾನು 81 ಎಂಎಂ ಮಾರ್ಟರಿನ ನಂಬರ್ ಟೂ ಆಗಿದ್ದೆ, ಅಂದರೆ ನಳಿಗೆಗೆ ಬಾಂಬ್ ಇಳಿಸುವವನು. ನಂಬರ್ ಒನ್ ಗುರಿ ಹಿಡಿಯುತ್ತಾನೆ. ಹಿಂದಿನವರು ಬಾಂಬಿನ ಬಾಲದಲ್ಲಿ ಲೆಕ್ಕದಷ್ಟು ಮದ್ದಿನ ಚಾರ್ಜ್ ಉಳಿಸಿ, ಫ್ಯೂಸಿನ ಸೇಫ್ಟಿ ಪಿನ್ ಕಿತ್ತು ಕೊಡುತ್ತಾರೆ. ನಾಲ್ಕು ಕಿಲೋ ಮೀರಿದ ಆ ಬಾಂಬ್ ಬಾಲ ಕೆಳಗಾಗಿ ಜಾರಿ, ತಳದ ಮೊಳೆಗೆ ಬಡಿದೊಡನೆ ಮದ್ದು ಹೊತ್ತಿ, ಇಳಿದ ದಾರಿಯಲ್ಲೇ ಮೇಲಕ್ಕೆ ಹಾರುತ್ತದೆ.

ಆ ಸಂಜೆ ಪ್ಲಟೂನಿನ ಮಾರ್ಟರುಗಳೆಲ್ಲ ಒಟ್ಟಿಗೆ ಸಿಡಿಯುತ್ತಿದ್ದವು. ನಮ್ಮದು ಯಾವ ಸದ್ದು, ಪಕ್ಕದವರದು ಯಾವುದು ಎಂದು ಕಿವಿಗೆ ತಿಳಿಯುವಂತಿರಲಿಲ್ಲ. ನಾನು ಬಾಂಬ್ ಬಿಟ್ಟು ತಲೆ ತಗ್ಗಿಸಿದೆ. ಬೇಸ್ ಪ್ಲೇಟ್ ಅದುರಲಿಲ್ಲ, ಸುತ್ತಲಿನ ಮರಳು ಏಳಲಿಲ್ಲ. ಅಷ್ಟರಲ್ಲಿ ಮುಂದಿನ ಬಾಂಬ್ ನನ್ನ ಕೈಗೆ ಬಂದಿತ್ತು. “ಮಿಸ್‌ಫೈರ್!” ಎಂದು ಕಿರುಚಿದೆ. ಎಲ್ಲರ ಕೈಗಳೂ ನಿಂತವು.

ಮದ್ದು ತಡವಾಗಿಯೂ ಹೊತ್ತಬಹುದು. ಅದಕ್ಕೇ ಯಾರೂ ನಳಿಗೆಯ ಬಾಯಿಯೊಳಗೆ ಇಣುಕುವಂತಿಲ್ಲ. ನಂಬರ್ ಒನ್ ಬೂಟಿನ ಹಿಮ್ಮಡಿಯಿಂದ ನಳಿಗೆಯನ್ನು ಒದ್ದ. ನಡುವೆ ಎಲ್ಲೋ ಸಿಕ್ಕಿಕೊಂಡಿದ್ದರೆ ಕೆಳಗೆ ಜಾರಲಿ ಎಂದು. ಏನೂ ಆಗಲಿಲ್ಲ. ದೂರ ಸರಿದು ನಿಗದಿತ ಹೊತ್ತು ಕಾದೆವು. ನನ್ನ ಬಾಯಿ ಒಣಗಿತ್ತು. ಯಾರೂ ಮಾತಾಡಲಿಲ್ಲ.

ಆಮೇಲೆ ನಳಿಗೆಯನ್ನು ಬೇಸ್ ಪ್ಲೇಟಿನಿಂದ ಬಿಡಿಸಿದೆವು. ನಂಬರ್ ಒನ್ ಬುಡವನ್ನು ನಿಧಾನವಾಗಿ ಮೇಲೆತ್ತತೊಡಗಿದ. ಬಾಯಿಯ ಅಂಚಿಗೆ ನನ್ನ ಎರಡೂ ಕೈ. ಅಂಗೈ ಬಾಯಿಗೆ ಅಡ್ಡ ಬರಬಾರದು, ಬೆರಳು ಫ್ಯೂಸಿನ ಮೂತಿಗೆ ತಾಗಬಾರದು. ಹಾರುವಾಗಿನ ಹೊಡೆತವಿಲ್ಲದೆ ಫ್ಯೂಸ್ ಸಜ್ಜಾಗುವುದಿಲ್ಲ ಎಂದು ಉಸ್ತಾದರು ಪಾಠ ಮಾಡಿದ್ದರು. ಒಳಗೆ ಲೋಹ ಲೋಹಕ್ಕೆ ಉಜ್ಜುತ್ತ ಹತ್ತಿರ ಬರುವ ಸದ್ದು ಕೇಳುತ್ತಿದ್ದಾಗ ಆ ಪಾಠದಿಂದ ನನಗೆ ಧೈರ್ಯವೇನೂ ಬರಲಿಲ್ಲ. ಕೈ ನಡುಗದಂತೆ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡೆ. ಬಾಂಬ್ ತಲೆ ಹೊರಹಾಕಿತು. ಮೈಯನ್ನು ಹಿಡಿದು ಎಳೆದುಕೊಂಡೆ. ಹಿಂದಿನವನು ಪಿನ್ ಮರಳಿ ಚುಚ್ಚಿದ. ಕಿತ್ತ ಪಿನ್ನನ್ನು ಫೈರಿಂಗ್ ಮುಗಿಯುವವರೆಗೆ ಎಸೆಯಬಾರದು ಎನ್ನುವುದು ಇದಕ್ಕೇ. ಆ ಬಾಂಬನ್ನು ಬೇರೆಯಾಗಿ ಇಟ್ಟೆವು; ನಾಶಮಾಡಲು ಬಲ್ಲವರು ಬಂದರು.

ನಳಿಗೆಯಲ್ಲಿ ಒಂದು ಇರುವಾಗಲೇ ಇನ್ನೊಂದನ್ನು ಇಳಿಸಿದರೆ ಏನಾಗುತ್ತದೆ? 2013ರ ಮಾರ್ಚ್‌ನಲ್ಲಿ ಅಮೆರಿಕದ ನೆವಾಡಾ ರಾಜ್ಯದ ಹಾಥಾರ್ನ್‌ನಲ್ಲಿ, ರಾತ್ರಿ ತಾಲೀಮಿನಲ್ಲಿ 60 ಎಂಎಂ ಮಾರ್ಟರ್ ಬಳಿ ಸ್ಫೋಟವಾಗಿ 7 ಮರೀನ್ ಯೋಧರು ಸತ್ತರು. ಒಂದರ ಮೇಲೊಂದು ಬಾಂಬ್ ಇಳಿದದ್ದೇ ಕಾರಣವಿರಬೇಕೆಂದು ತನಿಖೆ ಹೇಳಿತು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಮುಂದೆ ನಾನೇ ಹೊಸ ಹುಡುಗರಿಗೆ ಕಲಿಸುವವನಾದೆ. ಅನುಮಾನ ಬಂದರೆ ಯಾರು ಬೇಕಾದರೂ ಕೂಗಲಿ, ಪೆಟ್ಟಿಗೆ ಹೊರುವವನೂ ಕೂಗಲಿ ಎನ್ನುತ್ತಿದ್ದೆ. ಎಷ್ಟೋ ಸಲ ಸುಮ್ಮನೆ ಕೂಗಿದರು, ಫೈರಿಂಗ್ ನಿಂತಿತು, ಮೇಲಿನವರು ಗೊಣಗಿದರು. ಕೂಗಿದವನನ್ನು ಬೈಯಲು ನಾನು ಯಾರಿಗೂ ಬಿಡಲಿಲ್ಲ. ಒಮ್ಮೆ ಬೈಸಿಕೊಂಡವನು ಮತ್ತೆ ಬಾಯಿ ಬಿಡುವುದಿಲ್ಲ.