ಮೆಮೊರಿ ಸಿಗದಿದ್ದರೆ ಕರ್ನಲ್ ಏನು ಮಾಡಬೇಕು?

ನಮ್ಮ ಅಸಂಗಿಯಲ್ಲಿ ಕನ್ನಡದಲ್ಲೇ ಕಲಿತು ಈಗ ಪುಣೆಯಲ್ಲಿ ಕಂಪ್ಯೂಟರ್ ಓದುತ್ತಿರುವ ಹುಡುಗನೊಬ್ಬ ದೀಪಾವಳಿ ಸೂಟಿಗೆ ಬಂದಿದ್ದ. ಲಿನಕ್ಸ್ ಪಾಠವೊಂದನ್ನು ತೋರಿಸಿ, "ಸರ್, ಇದನ್ನ ಕನ್ನಡದಾಗ ಹೆಂಗ ಹೇಳೂದ್ರಿ?" ಅಂದ. ಟಿ.ಸಿ.ಎಚ್., ಬಿ.ಎ. ಓದಿದವನಿಗೆ ಕರ್ನಲ್ ಎಲ್ಲಿಂದ ಗೊತ್ತಿರಬೇಕು! ಎರಡು ದಿನ ಅವನಿಂದಲೇ ಪಾಠ ಹೇಳಿಸಿಕೊಂಡೆ.

ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಸಾಮಾನ್ಯ ಪ್ರೋಗ್ರಾಂ ಕೆಟ್ಟರೆ ಅದೊಂದೇ ಮುಚ್ಚುತ್ತದೆ, ಕರ್ನಲ್ ಕೆಟ್ಟರೆ ಇಡೀ ಯಂತ್ರವೇ ನಿಲ್ಲಬಹುದು. ನಾವು ಮಕ್ಕಳ ಮಾಹಿತಿ ತುಂಬುವ ಆಂಡ್ರಾಯ್ಡ್ ಮೊಬೈಲಿನೊಳಗೂ ಇರುವುದು ಲಿನಕ್ಸ್ ಕರ್ನಲ್ಲೇ.

ಕರ್ನಲ್‌ಗೆ ಜಾಗ ಬೇಕಾದರೆ ಕೆಮ್ಯಾಲಕ್ ಎಂಬ ಫಂಕ್ಷನ್ನಿನಿಂದ ಕೇಳುತ್ತದೆ. ಸಿಕ್ಕರೆ ವಿಳಾಸ ಬರುತ್ತದೆ, ಸಿಗದಿದ್ದರೆ 'ನಲ್'. ಅದನ್ನು ನೋಡದೆ ಮುಂದೆ ಹೋಗುವುದೆಂದರೆ, ಟ್ಯಾಂಕರ್ ಬಂತೋ ಇಲ್ಲವೋ ಕೇಳದೆ ಖಿಚಡಿಯ ಖಾಲಿ ಪಾತ್ರೆಯನ್ನು ಒಲೆಗೆ ಏರಿಸಿದಂತೆ. ಜತ್ತ ತಾಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಾಯಲು ಆಗುತ್ತದೆಯೇ ಎಂಬುದೂ ಮುಖ್ಯ. 'ಜಿಎಫ್‌ಪಿ ಕರ್ನಲ್' ಎಂದು ಕೇಳಿದರೆ ಸರದಿಯಲ್ಲಿ ನಿಂತಂತೆ, ಜಾಗ ಖಾಲಿಯಾಗುವ ತನಕ ನಿದ್ದೆ ಮಾಡಬಹುದು. ಇಂಟರಪ್ಟ್ ನಡೆದಾಗ, ಸ್ಪಿನ್‌ಲಾಕ್ ಹಿಡಿದಾಗ ನಿದ್ದೆ ಮಾಡುವಂತಿಲ್ಲ. ಆಗ 'ಜಿಎಫ್‌ಪಿ ಅಟಾಮಿಕ್'. ಮೀಸಲಿನಿಂದ ಒಂದಿಷ್ಟು ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ತಕ್ಷಣ 'ಇಲ್ಲ'. ನೆಟ್‌ವರ್ಕ್ ಪ್ಯಾಕೆಟ್ ಆಗಿದ್ದರೆ ಅದೊಂದನ್ನು ಬಿಟ್ಟುಬಿಡುವುದೇ ಜಾಣತನ. ಟಿಸಿಪಿಯಲ್ಲಿ ಕಳಿಸಿದವರು ಮತ್ತೆ ಕಳಿಸುತ್ತಾರೆ.

ನನಗೆ ಬಹಳ ಹಿಡಿಸಿದ್ದು ಇನ್ನೊಂದು ಮಾತು. ಮೂರು ಕಡೆ ಜಾಗ ಬೇಕಿತ್ತು, ಎರಡು ಸಿಕ್ಕವು, ಮೂರನೆಯದು ಸಿಗಲಿಲ್ಲ ಅನ್ನಿ. ಆಗ ಎರಡನೆಯದನ್ನು ಮೊದಲು, ಮೊದಲನೆಯದನ್ನು ಆಮೇಲೆ ಹಿಂದಿರುಗಿಸಿ, 'ಮೆಮೊರಿ ಇಲ್ಲ' ಎಂಬ ಸಂಕೇತವನ್ನು ಕರೆದವರಿಗೆ ಕೊಡಬೇಕು. ಇಲ್ಲದಿದ್ದರೆ ಆ ಎರಡು ಜಾಗ ಯಾರಿಗೂ ದಕ್ಕದೆ ಸೋರಿಹೋಗುತ್ತವೆ. ಇದಕ್ಕೆ ಕರ್ನಲ್ ಬರೆಯುವವರು 'ಗೋಟು' ಬಳಸುತ್ತಾರೆ. ಕಾಲೇಜಿನಲ್ಲಿ ಅದನ್ನು ಮುಟ್ಟಬೇಡಿ ಅನ್ನುತ್ತಾರಂತೆ! ಇಲ್ಲಿ ಮಾತ್ರ ಅದೇ ಅಚ್ಚುಕಟ್ಟು.

ತೊಡಕು ಏನೆಂದರೆ, 'ಜಿಎಫ್‌ಪಿ ಕರ್ನಲ್' ಎಂಬ ಸಣ್ಣ ಕೋರಿಕೆ ಲಿನಕ್ಸ್‌ನಲ್ಲಿ ವಿಫಲವಾಗುವುದೇ ಅಪರೂಪ. ಬೇಕಾದರೆ ಓಓಎಂ ಕಿಲ್ಲರ್ ಯಾವುದೋ ಪ್ರೋಗ್ರಾಮನ್ನು ಕೊಂದಾದರೂ ಜಾಗ ಮಾಡಿಕೊಡುತ್ತದೆ. ಹೀಗಾಗಿ 'ಇಲ್ಲ' ಅಂದಾಗ ಓಡಬೇಕಾದ ಕೋಡು ವರ್ಷಗಟ್ಟಲೆ ಓಡುವುದೇ ಇಲ್ಲ, ಅದರೊಳಗಿನ ತಪ್ಪು ಹಾಗೇ ಉಳಿಯುತ್ತದೆ. 2007ರ 2.6.20 ಆವೃತ್ತಿಯಲ್ಲಿ ಬೇಕೆಂದೇ 'ಇಲ್ಲ' ಅನ್ನಿಸುವ 'ಫೇಲ್‌ಸ್ಲ್ಯಾಬ್' ಎಂಬ ಸೌಲಭ್ಯ ಸೇರಿತು. ಇಂಜಿನಿಯರಿಂಗ್ ಓದುವ ನಮ್ಮ ಶಾಲೆಗಳ ಮಕ್ಕಳು ಇದನ್ನು ಮಾಡಿ ನೋಡಲಿ. ಮನೆಯಲ್ಲಿರುವ ಒಂದೇ ಲ್ಯಾಪ್‌ಟಾಪಿನ ಮೇಲೆ ನೇರವಾಗಿ ಬೇಡ, ವರ್ಚುವಲ್ ಮಷೀನಿನೊಳಗೆ ಮಾಡಿರಪ್ಪ.