ಕುಂದರನಾಡಿನ ಕಾದಂಬರಿಕಾರ ಬಸವರಾಜ ಕಟ್ಟೀಮನಿ

ರಷ್ಯದ ವಾಸ್ತವವಾದಿ ಕಾದಂಬರಿಗಳು, ವಿಶೇಷವಾಗಿ ಮ್ಯಾಕ್ಸಿಂ ಗಾರ್ಕಿಯ ಬರಹಗಳು, 1940ರ ದಶಕದ ಕನ್ನಡ ಪ್ರಗತಿಶೀಲ ಲೇಖಕರಿಗೆ ದಾರಿದೀಪವಾದವು. ಅ.ನ.ಕೃ., ತ.ರಾ.ಸು., ನಿರಂಜನ ಮೊದಲಾದವರ ಸಾಲಿನಲ್ಲಿ ಬೆಳಗಾವಿ ಸೀಮೆಯ ದನಿಯಾಗಿ ನಿಂತವರು ಬಸವರಾಜ ಕಟ್ಟೀಮನಿ. ಕೌಜಲಗಿಯಂತೆಯೇ ಗೋಕಾಕ ನಾಡಿಗೆ ಸೇರಿದ ಮಲಾಮರಡಿಯಲ್ಲಿ 1919ರ ಅಕ್ಟೋಬರ್ 5ರಂದು ಅವರು ಜನಿಸಿದರು.

ಗಾರ್ಕಿ ತನ್ನ ಕಾವ್ಯನಾಮಕ್ಕೆ ಆರಿಸಿಕೊಂಡ ಪದದ ಅರ್ಥ ‘ಕಹಿ’. ಹಡಗಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆದು, ಬೇಕರಿಯಲ್ಲಿ ದುಡಿದು ಉಂಡ ಕಹಿಯದು. ಕಟ್ಟೀಮನಿಯವರಿಗೂ ಬದುಕೇ ಪಾಠಶಾಲೆ. 1942ರ ಚಲೇಜಾವ್ ಚಳವಳಿ ಅವರನ್ನು ಸೆರೆಮನೆಗೆ ಕರೆದೊಯ್ದಿತು. ಆ ಹೋರಾಟವೇ ಮುಂದೆ ‘ಮಾಡಿ ಮಡಿದವರು’ ಕಾದಂಬರಿಯ ವಸ್ತುವಾಯಿತು. ನಾಯಕರ ಇತಿಹಾಸದಲ್ಲಿ ಹೆಸರಿಲ್ಲದೆ ಹೋದ ಹಳ್ಳಿಗರು ಅಲ್ಲಿ ಕಥಾನಾಯಕರು. ಪತ್ರಕರ್ತರಾಗಿ ಕಂಡ ಶೋಷಣೆ ‘ಜ್ವಾಲಾಮುಖಿಯ ಮೇಲೆ’ ಕೃತಿಗೆ ಬಂತು. ಅನ್ಯಾಯವನ್ನು ಖಂಡಿಸುವ ಪತ್ರಿಕೆಯ ಒಳಗೇ ಅನ್ಯಾಯ ಮನೆಮಾಡಿರುವುದನ್ನು ಆ ಕಾದಂಬರಿ ಬಯಲಿಗೆಳೆಯಿತು. ಅದಕ್ಕೆ 1968ರಲ್ಲಿ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ದೊರೆತುದು ಅರ್ಥಪೂರ್ಣ: ರಷ್ಯದಿಂದ ಪಡೆದ ಸ್ಫೂರ್ತಿಗೆ ಅಲ್ಲಿಂದಲೇ ಮನ್ನಣೆ ಮರಳಿ ಬಂದಂತಾಯಿತು.

ಅವರ ಧೈರ್ಯಕ್ಕೆ ನಿಜವಾದ ಒರೆಗಲ್ಲು ‘ಜರತಾರಿ ಜಗದ್ಗುರು’. ದೂರದ ಅರಸನನ್ನು ಟೀಕಿಸುವುದು ಸುಲಭ. ಊರವರು ಅಡ್ಡಬೀಳುವ ಪೀಠವನ್ನು ಪ್ರಶ್ನಿಸುವುದು ಕಷ್ಟ. ಧರ್ಮದ ಹೆಸರಿನ ವೈಭೋಗವನ್ನು ಕಟ್ಟೀಮನಿ ತಮ್ಮದೇ ಪರಿಸರದೊಳಗೆ ನಿಂತು ಪ್ರಶ್ನಿಸಿದರು.

ಅವರ ಕಾದಂಬರಿಗಳಲ್ಲಿ ಆವೇಶ ಹೆಚ್ಚು, ಕಲಾತ್ಮಕ ಸಂಯಮ ಕಡಿಮೆ ಎಂಬ ಆಕ್ಷೇಪವಿದೆ. ಅದು ಪೂರ್ತಿ ಸುಳ್ಳಲ್ಲ. ಕೆಲವೆಡೆ ಪಾತ್ರಗಳು ಮಾತನಾಡುವ ಬದಲು ಭಾಷಣ ಮಾಡುತ್ತವೆ. ಒಳ್ಳೆಯವರು, ಕೆಟ್ಟವರು ತೀರ ಬೇರೆಬೇರೆಯಾಗಿ ನಿಲ್ಲುತ್ತಾರೆ. ಆದರೆ ನವ್ಯರ ಅಂತರ್ಮುಖತೆಯನ್ನೇ ಅಳತೆಗೋಲಾಗಿಸಿ ಈ ಕೃತಿಗಳನ್ನು ಬದಿಗಿಟ್ಟರೆ, ಅಚ್ಚುಕೂಟದ ಕೆಲಸಗಾರ, ಚಳವಳಿಯ ರೈತ, ಬೀದಿಗೆ ಬಿದ್ದ ಹೆಣ್ಣು ಕನ್ನಡ ಕಾದಂಬರಿಯ ಕೇಂದ್ರಕ್ಕೆ ಬಂದ ಬಗೆಯೇ ಮರೆಯಾಗುತ್ತದೆ. ಕೃತಿಯ ದೋಷವನ್ನು ಗುರುತಿಸುವುದು ವಿಮರ್ಶೆ. ಅದನ್ನೇ ನೆಪವಾಗಿಸಿ ಓದದಿರುವುದು ವಿಮರ್ಶೆಯಲ್ಲ.

1980ರಲ್ಲಿ ಬೆಳಗಾವಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಅವರಿಗೆ ಒಲಿಯಿತು. 1989ರಲ್ಲಿ ಅವರು ನಿಧನರಾದರು. ವಿಧಾನ ಪರಿಷತ್ತಿನ ಸದಸ್ಯತ್ವ, ಪ್ರಶಸ್ತಿ, ಪೀಠ ಎಲ್ಲವನ್ನೂ ಕಂಡ ಈ ಲೇಖಕ ತಮ್ಮ ಆತ್ಮಕಥನಕ್ಕೆ ಇಟ್ಟ ಹೆಸರು ‘ಕುಂದರನಾಡಿನ ಕಂದ’. ಆ ಹೆಸರಿನಲ್ಲಿ ಪದವಿಯಿಲ್ಲ, ಬಿರುದಿಲ್ಲ. ಹುಟ್ಟಿದ ನೆಲದ ಋಣವೊಂದೇ ಇದೆ.